ಒಂಬತ್ತಡಿಯ ಕೋಲು

ಗೋಕಾಕದ ಕಡೆಯ ಕಲಾವತಿ ಅತ್ತಿಗುಪ್ಪೆಯ ಗಾಳದಂಗಡಿಗೆ ಸೇರಿ ಆರು ವರ್ಷವಾಯಿತು. ಮುರಿದ ಗಾಳದ ಕೋಲು ರಿಪೇರಿ ಮಾಡುವವಳು ಅವಳು, ಹುಳುವಿನಂತೆ ಕಾಣುವ ಗರಿಯ ಗಾಳ ಕಟ್ಟುವವಳೂ ಅವಳೇ. ಆದರೂ ಬಂದವರೆಲ್ಲ ಅವಳನ್ನು ದಾಟಿ ಒಳಗೆ ಇಣುಕಿ, ‘ಸಾರ್ ಇಲ್ವಾ?’ ಎನ್ನುತ್ತಾರೆ. ಮೈ ಉರಿಯದೆ ಇನ್ನೇನಾಗುತ್ತದೆ?

ಬಸವೇಶ್ವರನಗರದ ಮೋಹನ್ ಕುಮಾರ್ ಹೆಂಡತಿ ರಮ್ಯಶ್ರೀಯ ಜೊತೆ ಬಂದಾಗಲೂ ಅದೇ ಆಯಿತು. ಘಟ್ಟದ ತೊರೆಯಲ್ಲಿ ಮೀನು ಹಿಡಿಯಲು ಅವರಿಗೆ ಕೋಲು ಬೇಕಿತ್ತು.

‘ತೊರಿ ಎಷ್ಟು ಅಗಲ ಐತ್ರಿ ಸಾರ್?’ ಕಲಾವತಿಯೇ ಕೇಳಿದಳು.

‘ಒಂದ್ ಹತ್ತು ಹೆಜ್ಜೆ. ಮೇಲೆಲ್ಲ ಮರ.’

‘ಹಂಗಾರ ಏಳಡಿದು ಸಾಕ್ರಿ. ಒಂಬತ್ತಡಿದು ದೊಡ್ಡ ಹೊಳಿಗೆ. ಬೀಸಾಕ ಹಿಂದ ಜಾಗ ಬೇಕು, ಇಲ್ಲಾಂದ್ರ ಕೊಂಬಿಗೆ ಬಡದು ತುದಿ ಮುರೀತೈತಿ.’

ಮೋಹನ್ ಕುಮಾರ್ ನಕ್ಕರು. ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳಬೇಕೆನ್ನುವವರ ಪೈಕಿ ಅವರು. ಒಂಬತ್ತಡಿಯದನ್ನೇ ಒಯ್ದು, ಮನೆಯ ಟೆರೇಸಿನ ಮೇಲೆ ನಿಂತು ವಾರವಿಡೀ ಬೀಸಿ ಅಭ್ಯಾಸ ಮಾಡಿದರಂತೆ. ಟೆರೇಸಿನಲ್ಲಿ ಯಾವ ಮರ ಅಡ್ಡ ಬರುತ್ತದೆ, ಹೇಳಿ!

ಮೂರನೇ ವಾರ ತುದಿ ಮುರಿದ ಕೋಲು ಹಿಡಿದು ದಂಪತಿ ಮತ್ತೆ ಬಂದರು. ‘ಡೂಪ್ಲಿಕೇಟ್ ಮಾಲು ಕೊಟ್ಟಿದಾಳೆ ಇವ್ಳು!’ ಎಂದು ಮೋಹನ್ ಕುಮಾರ್ ಕೂಗಾಡಿದರು.

ಅಂಗಡಿಯ ಮಾಲೀಕ ಭೈರೇಶ್ ಕೋಲಿನತ್ತ ಕಣ್ಣೂ ಹಾಯಿಸಲಿಲ್ಲ. ಇದ್ದ ನಾಲ್ಕು ಗಿರಾಕಿಗಳ ಎದುರೇ, ‘ಸಾರಿ ಕೇಳಮ್ಮ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ’ ಎಂದ.

ಆರು ವರ್ಷದ ದುಡಿಮೆಗೆ ಇದೇನಾ ಮರ್ಯಾದೆ? ಕಲಾವತಿ ಸಿಟ್ಟಿನಿಂದ ಕೋಲನ್ನು ಕಸಿದುಕೊಂಡು ಮಾಲೀಕನ ಮುಂದೆ ಹಿಡಿದಳು. ‘ಇಲ್ನೋಡ್ರಿ, ದಾರ ಹಾಯೋ ರಿಂಗಿನ್ಯಾಗ ಮರದ ತೊಗಟಿ ಸಿಕ್ಕೈತಿ. ಹೇಳಿದ ಮಾತು ಕೇಳಲಾರದವರು ಅವರು. ನಾ ಯಾಕ ಸಾರಿ ಕೇಳ್ಲಿ?’

ರಮ್ಯಶ್ರೀ ಗಂಡನ ತೋಳು ಹಿಡಿದಳು. ‘ರೀ, ಮುರಿಯುತ್ತೆ ಅಂತ ಅವ್ರು ಅವತ್ತೇ ಹೇಳಿದ್ರಲ್ಲ. ನಾನೂ ಇಲ್ಲೇ ಇದ್ನಲ್ಲ.’

ಭೈರೇಶ್ ಪೆಚ್ಚಾದ. ‘ಹೋಗ್ಲಿ ಬಿಡಮ್ಮ, ಒಳಗ್ ಹೋಗಿ ಟೀ ಕುಡಿ.’

ಅನ್ನಬಾರದ್ದೆಲ್ಲ ಅಂದು ಟೀ ಕುಡಿ ಎಂದರೆ ಮುಗಿಯಿತೇ? ಕಲಾವತಿ ನಿಂತಲ್ಲಿಂದ ಕದಲಲಿಲ್ಲ.

‘ಚಾ ಬ್ಯಾಡ್ರಿ. ಸಾರಿ ಕೇಳು ಅಂತ ಎಲ್ಲಾರ ಮುಂದ ಅಂದ್ರಿ. ತಪ್ಪು ಯಾರ್ದು ಅನ್ನೋದನ್ನೂ ಎಲ್ಲಾರ ಮುಂದ ಹೇಳ್ರಿ.’

ಭೈರೇಶ್ ಕೋಲು ತೆಗೆದುಕೊಂಡು ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದ.

‘ತಪ್ಪು ನಿಮ್ದೇ ಸಾರ್’ ಎಂದ ಮೋಹನ್ ಕುಮಾರರಿಗೆ. ಕಲಾವತಿ ಇನ್ನೂ ನೋಡುತ್ತಲೇ ಇದ್ದಳು. ಅವನು ತಲೆ ತಗ್ಗಿಸಿದ. ‘ನಂದೂ.’