ಜಗ್ಗಿ ಬರಬೇಕಾದ ದನಿ

ನಮ್ಮ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ಸುನೀಲಕುಮಾರನಿಗೆ ಬಾದಾಮಿಯ ಸ್ಟೇಶನ್ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿಯಿದೆ. ಯಂತ್ರದ ಮುಂದೆ ನಿಂತಾಗಲೂ ಅವನ ಎಡಗೈ ಬೆರಳುಗಳು ಸುಮ್ಮನಿರುವುದಿಲ್ಲ. ಆಧಾರ್ ಕಾರ್ಡಿನ ಎರಡೂ ಬದಿ ಕೇಳಿದವರಿಗೆ ಒಂದೇ ಬದಿ ಕೊಟ್ಟು ಬೈಸಿಕೊಳ್ಳುವ ಆಸಾಮಿ. ನಾನು ಅದೇ ತಂಡದಲ್ಲಿ ಢೋಲಕ್ ಬಾರಿಸುವವನು. ಹದಿನೈದು ವರ್ಷದ ಒಡನಾಟ, ಹಾಗಾಗಿ ಬೈಯುವ ಹಕ್ಕು ನನಗೂ ಇದೆ.

ಅವನ ಹೆಂಡತಿ ಭುವನೇಶ್ವರಿ ನಮ್ಮ ಗಾಯಕಿಯಾಗಿದ್ದಳು. ಇಳಕಲ್ಲಿನ ಮದುವೆಗಳಿಂದ ಹುನಗುಂದದ ಗಣಪತಿ ಪೆಂಡಾಲಿನವರೆಗೆ ನಮ್ಮನ್ನು ಕರೆಸುತ್ತಿದ್ದುದೇ ಅವಳ ಹಾಡಿಗಾಗಿ. ಹಾಡಿನ ಕೊನೆಯ ಸ್ವರ ಹಿಡಿದಳೆಂದರೆ ಬೇಗ ಬಿಡುತ್ತಿರಲಿಲ್ಲ. ಊಟಕ್ಕೆ ಎದ್ದವರೂ ತಾಟು ಹಿಡಿದುಕೊಂಡೇ ನಿಂತುಬಿಡುತ್ತಿದ್ದರು. ಎರಡು ವರ್ಷದ ಹಿಂದೆ ಗಂಟಲಿನ ಗಡ್ಡೆ ತೆಗೆಸಿದ ಮೇಲೆ ಜೀವ ಉಳಿಯಿತು, ದನಿ ಹೋಯಿತು. ಈಗ ಬರೀ ಪಿಸುಮಾತು.

ಅಂದಿನಿಂದ ಸುನೀಲನಿಗೆ ಒಂದೇ ಹುಚ್ಚು. ಆ ಕೊನೆಯ ಸ್ವರವನ್ನು ಅಷ್ಟೇ ಹೊತ್ತು ಗಿಟಾರಿನಲ್ಲಿ ಹಿಡಿದು ನಿಲ್ಲಿಸಿ ಅವಳಿಗೆ ಕೇಳಿಸಬೇಕು. ಅವನದು ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ತಂತಿ ಮೀಟಿದರೆ ಠಣ್ ಎಂದು ಎದ್ದ ದನಿ ಎರಡು ಎಣಿಸುವುದರೊಳಗೆ ಸತ್ತುಹೋಗುತ್ತಿತ್ತು. ಗೇನ್ ಗುಂಡಿ ತಿರುಗಿಸಿ ದನಿ ಏರಿಸಿದ, ಕರಕರ ಎಂದಿತು. ದಪ್ಪ ತಂತಿ ಹಾಕಿದ, ತುಸು ಹೆಚ್ಚು ನಿಂತಿತು, ಸಾಲಲಿಲ್ಲ. ಮನೆಯಲ್ಲಿ ಅವಳು ಗುನುಗದೆ ಪಾತ್ರೆ ತೊಳೆಯುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ.

"ಮನಿ ಬಣಬಣ ಅಂತೈತಿ ಲೇ," ಎಂದು ಒಮ್ಮೆ ನನ್ನೆದುರು ಅತ್ತೇಬಿಟ್ಟ.

ಕೊನೆಗೆ ಇಬ್ಬರೂ ಬೈಕಿನ ಮೇಲೆ ಆಂಪ್ಲಿಫೈಯರ್ ಹೇರಿಕೊಂಡು ಕುಳಗೇರಿ ಕ್ರಾಸಿನ ನಯೀಮನ ರಿಪೇರಿ ಅಂಗಡಿಗೆ ಹೋದೆವು.

"ದನಿ ಜಗ್ಗಿ ಬರಬೇಕು ನೋಡೋ ನಯೀಮ," ಎಂದ ಸುನೀಲ.

"ಜಗ್ಗಿ ಬರೂಹಂಗ ಮಾಡ್ತೇನಿ, ಚಿಂತಿ ಬಿಡ್ರಿ ಅಣ್ಣಾರ."

ದನಿಯನ್ನು ಎಳೆದು ಉದ್ದ ಮಾಡಬೇಕೆಂಬುದು ಸುನೀಲನ ಅರ್ಥ. ನಮ್ಮ ಕಡೆ ಜಗ್ಗಿ ಎಂದರೆ ಬಹಳ ಎಂದೂ ಆಗುತ್ತದೆ, ನಯೀಮ ಹಿಡಿದದ್ದು ಅದನ್ನು. ನಾಲ್ಕು ದಿನ ಬಿಟ್ಟು ಹೋದರೆ ದೊಡ್ಡದೊಂದು ಹೊಸ ಸ್ಪೀಕರ್ ಕೂರಿಸಿಟ್ಟಿದ್ದ. ಒಮ್ಮೆ ಮೀಟಿದ್ದಕ್ಕೆ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ದನಿ ದೊಡ್ಡದಾಗಿತ್ತು, ಆಯುಷ್ಯ ಮಾತ್ರ ಮೊದಲಿನಷ್ಟೇ. ನನಗೆ ನಗು ಬಂತು, ಆದರೆ ಸುನೀಲನ ಮುಖ ನೋಡಿ ನುಂಗಿಕೊಂಡೆ.

ತನ್ನ ತಪ್ಪು ತಿಳಿದು ನಯೀಮ ಪೆಚ್ಚಾದ. ಆಮೇಲೆ ತಾನೇ ದಾರಿ ಹೇಳಿದ: "ಸ್ಪೀಕರಿಗೆ ಮಾರಿ ಕೊಟ್ಟು, ಹತ್ರ ನಿಂತು ಬಾರಸ್ರಿ. ಇಷ್ಟು ದೊಡ್ಡ ದನಿ ಹೊಳ್ಳಿ ಬಂದು ತಂತಿನ ಅಳ್ಳಾಡಸ್ತೈತಿ. ಆಗ ದನಿ ನಿಂದರತೈತಿ."

ಭಾನುವಾರ ಬೆಳಿಗ್ಗೆ ಸುನೀಲ ನನ್ನನ್ನೂ ಮನೆಗೆ ಕರೆಸಿಕೊಂಡು ಭುವನೇಶ್ವರಿಯನ್ನು ಕುರ್ಚಿಯಲ್ಲಿ ಕೂರಿಸಿದ. ಅವಳಿಗೆ ಬೆನ್ನು ಮಾಡಿ, ಸ್ಪೀಕರಿಗೆ ಎದುರಾಗಿ ನಿಂತು ಆ ಸ್ವರ ಮೀಟಿದ. ಎದ್ದ ದನಿ ನಿಂತೇ ನಿಂತಿತು. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಕಿಟಕಿಯ ಗಾಜು ಅದುರುತ್ತಿತ್ತು.

"ಹೆಂಗೈತಿ?" ಸುನೀಲ ಅಲ್ಲಿಂದಲೇ ಕೂಗಿದ.

ಅವಳು ಏನೋ ಹೇಳಿದಳು. ಆ ಗದ್ದಲದಲ್ಲಿ ಪಿಸುಮಾತು ಎಲ್ಲಿ ಕೇಳಬೇಕು? ನಾನು ಅವಳ ಬಾಯಿಯ ಹತ್ತಿರ ಕಿವಿ ಒಯ್ದೆ.

"ಸ್ಟೇಜಿನ ಮ್ಯಾಲೆ ಇವರು ತಂತಿ ನೋಡ್ಕೋತನ ನಿಂತಿರ್ತಿದ್ರು. ಹೊಳ್ಳಿ ನನ್ನ ಮಾರಿ ನೋಡೂತನಾ ನಾ ದನಿ ಬಿಡ್ತಿದ್ದಿಲ್ರಿ."

"ಏನಂತಾಳ ಲೇ?" ಸುನೀಲ ಮತ್ತೆ ಕೂಗಿದ.

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. "ನೀ ಹೊಳ್ಳಿ ನೋಡ್ಲಿ ಅಂತ ಹಿಡೀತಿದ್ಲಂತ ಲೇ ದನಿನ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಸುನೀಲ ತಿರುಗಿದ. ಗಿಟಾರು ಸ್ಪೀಕರಿನ ಎದುರಿನಿಂದ ಸರಿದದ್ದೇ ಸ್ವರ ಕಡಿದುಹೋಯಿತು. ಅವನು ಮತ್ತೆ ಮೀಟಲಿಲ್ಲ. ಅವಳ ಮುಖವನ್ನೇ ನೋಡುತ್ತ ನಿಂತ.