ಯೋಗಕ್ಷೇಮ ಕೇಳದ ಕಾಗದ

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ನಮ್ಮ ಮನೆಯ ಮುಂದಿನ ಕೋಣೆಯೇ ಅವ್ವನ ಸೀರೆ ಅಂಗಡಿ. ಮಧ್ಯಾಹ್ನ ಎರಡರ ನಂತರ ಗಿರಾಕಿಗಳು ಬರುವುದಿಲ್ಲ. ಆಗ ಕಿಟಕಿಯ ಬಿಸಿಲು ಸೀರೆಗಳ ಮೇಲೆ ಮೆಲ್ಲಗೆ ಸರಿಯುತ್ತದೆ. ಅವುಗಳ ಬಣ್ಣ ಬಿದ್ದು ಎದುರಿನ ಗೋಡೆ ಸ್ವಲ್ಪ ಹೊತ್ತು ಹಸಿರಾಗಿದ್ದು ಆಮೇಲೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ಹೈದರಾಬಾದಿನತ್ತ ಹೋಗುವ ಲಾರಿಗಳ ಸದ್ದು ಎಲ್ಲಿಂದಲೋ ಬಂದು ಹೊಸ ಬಟ್ಟೆಯ ವಾಸನೆಯಲ್ಲಿ ಕರಗುತ್ತದೆ. ಅಂಥ ಒಂದು ಮಧ್ಯಾಹ್ನ ಅವ್ವ ನನ್ನ ಮುಂದೆ ಬಿಳಿ ಹಾಳೆ ಇಟ್ಟಳು.

ಸೀರೆಗಳು ಉದಗೀರದ ವ್ಯಾಪಾರಿಯೊಬ್ಬರಿಂದ ಉದ್ರಿಯಾಗಿ ಬರುತ್ತವೆ. ದೀಪಾವಳಿಗೆ ಕೊಡಬೇಕಾದ ಹಣ ಕೂಡಿರಲಿಲ್ಲ. ವಾಯಿದೆ ತಪ್ಪಿದರೆ ಮಾರದೆ ಉಳಿದ ಸೀರೆಗಳು ವಾಪಸ್ಸು ಹೋಗುತ್ತವೆ. ತುಳಸಿ ಲಗ್ನದ ನಂತರ ಮದುವೆಗಳು ಶುರುವಾಗುವ ಹೊತ್ತಿಗೆ ಅವು ಹೋದರೆ ಅಂಗಡಿಯೇ ಹೋದಂತೆ. ಫೋನಿನಲ್ಲಿ ಕೇಳಿಕೊಳ್ಳುವಂತಿಲ್ಲ. ಲೆಕ್ಕವೆಲ್ಲ ವ್ಯಾಪಾರಿಯ ಅಣ್ಣನ ಕೈಯಲ್ಲಿ, ಅವರಿಗೆ ಕಿವಿ ಮಂದ. ಅವರು ಕಾಗದ ಓದಿ, ಒಪ್ಪಿ, ಲೆಕ್ಕದ ಚೀಟಿಗಳ ತಂತಿಗೆ ಚುಚ್ಚಿದರೆ ಮಾತ್ರ ವಾಯಿದೆ ಮುಂದೆ ಹೋಗುತ್ತದೆ.

ಅವರಿಗೆ ಓದಲು ಬರುವುದು ಮರಾಠಿ; ಅವ್ವ ಕನ್ನಡದಲ್ಲಿ ಹೇಳುವುದು, ನಾನು ಮರಾಠಿಯಲ್ಲಿ ಬರೆಯುವುದು. ವ್ಯಾಪಾರಿಯ ಮೊಮ್ಮಗು, ಅಣ್ಣನ ಮೊಣಕಾಲು, ಹೊಸ ಕೊಳವೆಬಾವಿಯ ನೀರು, ಎಲ್ಲ ವಿಚಾರಿಸಿದ ಮೇಲೆ ಹಣದ ಮಾತು ಕೊನೆಗೆ ಒಂದು ಸಾಲು. ನಾನು ಮರಾಠಿ ಪತ್ರಿಕೆಯ ವರದಿಗಾರ; ಮುಖ್ಯ ಸಂಗತಿ ಮೊದಲ ಸಾಲಿನಲ್ಲೇ ಬರಬೇಕೆಂದು ಕಲಿತವನು.

“ಇಷ್ಟೆಲ್ಲಾ ಯಾಕವ್ವಾ? ಅವ್ರಿಗೂ ಕೆಲ್ಸ ಇರ್ತಾವ.”

“ಹಂಗಾರ ನೀನೇ ಬರಿ. ದೊಡ್ಡ ಪೇಪರದಾಂವ ನೀ,” ಎಂದು ಅವಳು ಅಡುಗೆಮನೆಗೆ ಹೋದಳು.

ನಾಲ್ಕು ಸಾಲು ಬರೆದೆ. ಬಾಕಿ ಎಷ್ಟು, ಯಾಕೆ ಕೂಡಲಿಲ್ಲ, ಸಂಕ್ರಾಂತಿಯವರೆಗೆ ಸಮಯ ಬೇಕು. ಕೆಳಗೆ ನನ್ನ ಹೆಸರು ಹಾಕಿ, ಉದಗೀರಕ್ಕೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕೊಟ್ಟು ಬಂದೆ. ಉತ್ತರಕ್ಕೆ ಹೆದರಿ ಅವ್ವ ಫೋನ್ ಬಂದ್ ಮಾಡಿದಳು. ಸಂಜೆ ಸೀರೆಗಳನ್ನು ಕಪಾಟಿನಿಂದ ಇಳಿಸಿ ಗಂಟು ಕಟ್ಟಿಟ್ಟಳು.

ಮರುದಿನ ಮಧ್ಯಾಹ್ನ ಗೋಡೆ ಬರೀ ಬಿಳಿಯಾಗಿತ್ತು. ಬಾಗಿಲಲ್ಲಿ ವ್ಯಾಪಾರಿ ನಿಂತಿದ್ದರು. ನಿಲಂಗಾದಲ್ಲಿ ಬಸ್ಸು ಬದಲಿಸಿ ಬಂದ ಧೂಳು ಮೈಮೇಲಿತ್ತು. ಅವರು ಗಂಟಿನ ಕಡೆ ನೋಡಲೇ ಇಲ್ಲ.

“ತಮ್ಮಾ, ಅವ್ವ ಎಲ್ಲಿ?”

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವರು ಗಂಟಿನ ಮೇಲೆಯೇ ಕುಸಿದು ಕುಳಿತರು.

“ಅಕ್ಕಾ, ಅದೀಯಲ್ಲ! ಫೋನ್ ಬಂದ್. ಕಾಗದದಾಗ ಯೋಗಕ್ಷೇಮ ಇಲ್ಲ, ನಿನ್ನ ಹೆಸರಿಲ್ಲ. ಅಕ್ಕ ಹೋಗ್ಯಾಳ, ಮಗ ಲೆಕ್ಕ ಮುಗಸ್ಲಾಕತ್ಯಾನ ಅಂತ ನಮ್ಮಣ್ಣ ನಿನ್ನಿಯಿಂದ ಊಟಾನೇ ಮಾಡಿಲ್ಲ.”

ಯೋಗಕ್ಷೇಮ ಕೇಳದೆ ಶುರುವಾಗುವ ಕಾಗದ ನಮ್ಮಲ್ಲಿ ಸಾವಿನದು ಮಾತ್ರ. ನನಗದು ಗೊತ್ತಿತ್ತು, ಬರೆಯುವಾಗ ನೆನಪಾಗಲಿಲ್ಲ.

“ಇಂವಾ ಪೇಪರದಾಂವ ಅಲ್ರೀ ಅಣ್ಣಾರ,” ಎಂದಳು ಅವ್ವ. “ಜೀವಂತ ಇದ್ದವ್ರನ್ನೂ ನಾಕ ಸಾಲಿನ್ಯಾಗ ಮುಗಸ್ತಾನ.”

ವ್ಯಾಪಾರಿ ಕಣ್ಣೊರೆಸಿಕೊಂಡು ನಕ್ಕರು. “ಈ ಕಾಗದ ತಂತಿಗಿ ಚುಚ್ಚಲಾಕ ನಮ್ಮಣ್ಣ ಒಲ್ಲ. ಬ್ಯಾರೆ ಬರಿ ತಮ್ಮಾ. ಅಕ್ಕ ಹೇಳ್ಲಿ.”

ಅವರು ಚಹಾ ಹಿಡಿದು ಕುಳಿತರು. ಅವ್ವ ಅವರ ಕಡೆ ತಿರುಗದೆ, ಉದಗೀರ ಕಿಟಕಿಯಾಚೆ ಎಲ್ಲೋ ಕಾಣುತ್ತಿದೆ ಎಂಬಂತೆ ಹೇಳತೊಡಗಿದಳು.

“ನಿಮ್ಮ ಮೊಮ್ಮಗ ಆರಾಮ ಅದಾನ ಅಂತ ತಿಳದೀನಿ...”

“ಎರಡ ಹಲ್ಲು ಬಂದಾವ,” ಎಂದರು ಅವರು ಚಹಾ ಊದುತ್ತ.

“ಅದು ಬರೀಬ್ಯಾಡ,” ಅವ್ವ ನನಗೆ ಹೇಳಿದಳು. “ಅವ್ರ ಉತ್ತರ ಇನ್ನಾ ಬಂದಿಲ್ಲ.”

ಅಣ್ಣನ ಮೊಣಕಾಲು ಬಂತು, ಕೊಳವೆಬಾವಿಯ ನೀರು ಬಂತು. ನಾನು ಯಾವ ಮಾತನ್ನೂ ಬಿಡದೆ ಬರೆದೆ. ಕೊನೆಯಲ್ಲಿ ಸಂಕ್ರಾಂತಿಯ ಸಾಲು ಬಂದಾಗ ಮಾತ್ರ ವ್ಯಾಪಾರಿ ಲೋಟ ಕೆಳಗಿಟ್ಟರು.

“ಇದು ಅಣ್ಣನ ಮಾತು. ಅಂವಾ ಓದ್ಲಿ.”

ಅವ್ವ ತನ್ನ ಕೈಯಾರೆ ಸಹಿ ಮಾಡಿದಳು. ಅವರು ಕಾಗದವನ್ನು ಅಂಗಿಯ ಒಳಜೇಬಿಗಿಟ್ಟು ಬಸ್ಸಿಗೆ ಹೊರಟರು. ಗಂಟು ಹಾಗೇ ಉಳಿಯಿತು.

ಮೂರನೆಯ ದಿನ ಉದಗೀರದಿಂದ ಫೋನ್ ಬಂತು. ಅಣ್ಣ. ಅವರಿಗೆ ನಮ್ಮ ಮಾತು ಕೇಳಿಸದು, ತಮ್ಮದನ್ನು ಹೇಳಬಲ್ಲರು. ಮೊಣಕಾಲಿಗೆ ಯಾವ ಎಣ್ಣೆ, ನೀರು ಎಷ್ಟು ಸಪ್ಪೆ, ಹುಡುಗನ ಎರಡು ಹಲ್ಲಿನಲ್ಲಿ ಮೊದಲು ಬಂದದ್ದು ಯಾವುದು... ಅವ್ವ ಗಂಟಿನ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ನಾನೂ ಕಾಯ್ದೆ. ಎಲ್ಲ ಮುಗಿದ ಮೇಲೆ ಅವರೆಂದರು:

“ಮತ್ತ, ಸಂಕ್ರಾಂತಿಗೇ ಕೊಡ್ರಿ.”

ಅವ್ವ ಗಂಟು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಕಪಾಟಿಗೇರಿಸಿದಳು. ಗೋಡೆ ಮೆಲ್ಲಗೆ ಹಸಿರಾಯಿತು.