ಒದ್ದೆ ಗೋಣಿ, ಒಣ ನಂಬರು

ನಮ್ಮ ಯಜಮಾನರು ಬಹಳ ಬುದ್ಧಿವಂತರು. ಇದನ್ನು ಅವರೇ ಹೇಳುತ್ತಾರೆ. ಬೇರೆಯವರು ಹೇಳಿದ್ದನ್ನು ನಾನಂತೂ ಕೇಳಿಲ್ಲ. ದೇವರಾಯಸಮುದ್ರದ ಹತ್ತಿರ ನಮ್ಮ ಮನೆ, ಹಿತ್ತಲಲ್ಲಿ ರೇಷ್ಮೆ ಹುಳದ ಮನೆ. ಅವರು ವೇಮಗಲ್‌ನ ಕಾರ್ಖಾನೆಗೆ ಬೆಳಗ್ಗೆಯೇ ಹೊರಟುಬಿಡುತ್ತಾರೆ. ಅಲ್ಲಿಯ ಎಣ್ಣೆ ವಾಸನೆ ಹುಳಕ್ಕಾಗದು ಎಂದು ಹುಳದ ಮನೆಯೊಳಗೆ ಕಾಲಿಡುವುದೂ ಇಲ್ಲ. ಸೊಪ್ಪು ಕುಯ್ದು ಹಾಕುವುದು, ಕಸ ತೆಗೆಯುವುದು ನಾನು ಮತ್ತು ಅತ್ತೆ. ಆದರೂ ಹುಳ ಸಾಕುವವರು ಅವರೇ, ಫೋನಿನಲ್ಲಿ.

ಕಳೆದ ಬೇಸಿಗೆಯಲ್ಲಿ ಒಂದು ಬಿಳಿ ಡಬ್ಬಿ ತಂದು ನನ್ನ ಕೈಲಿ ಹುಳದ ಮನೆಯ ಗೋಡೆಗೆ ನೇತುಹಾಕಿಸಿದರು. ಒಳಗೆ ತೇವ ಎಷ್ಟಿದೆ ಎಂದು ಅದು ಮನೆಯ ವೈಫೈ ಹಿಡಿದು ಅವರ ಫೋನಿಗೆ ಹೇಳುತ್ತದಂತೆ. ಮೊದಲ ದಿನವೇ ನೂರಕ್ಕೆ ಐವತ್ತು ತೋರಿಸಿತು.

"ತುಂಬಾ ಒಣಗಿದೆ ಕಣೇ, ಗೋಣಿ ನೆನೆಸು" ಎಂದು ಕಾರ್ಖಾನೆಯಿಂದಲೇ ಅಪ್ಪಣೆಯಾಯಿತು.

ಬಿಸಿಲುಕಾಲದಲ್ಲಿ ಬಾಗಿಲು ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಡುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ನಾವೂ ಇಳಿಬಿಟ್ಟೆವು. ನಂಬರು ಏರಲಿಲ್ಲ. ಇನ್ನೂ ನೀರು ಹಾಕು ಎಂದರು, ಹಾಕಿದೆವು. ಆಗಲೂ ಐವತ್ತೇ.

ಮಾರನೆಯ ದಿನ ಒಳಗೆ ಹೋದರೆ ಸೀರೆ ಮೈಗಂಟುತ್ತಿತ್ತು, ಮುಗ್ಗಲು ವಾಸನೆ ಬೇರೆ. ಹುಳ ಕೊನೆಯ ಪೊರೆ ಕಳಚಿ, ಇನ್ನೇನು ಗೂಡು ಕಟ್ಟುವುದರಲ್ಲಿತ್ತು. ಆ ಹೊತ್ತಿನಲ್ಲಿ ತೇವ ಹೆಚ್ಚಾದರೆ ಸುಣ್ಣಕಟ್ಟು ರೋಗ ಬಂದು ಇಡೀ ಬೆಳೆಯೇ ಹೋಗುತ್ತದೆ. ಫೋನು ಮಾಡಿದೆ.

"ರೀ, ತೇವ ಜಾಸ್ತಿಯಾಗಿದೆ. ಗೋಣಿ ತೆಗೀತೀನಿ."

"ಇಲ್ಲಿ ಐವತ್ತು ಅಂತಿದೆ. ಸುಮ್ನೆ ನಿನ್ನ ತಲೆ ಓಡಿಸ್ಬೇಡ."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಇವರಿಗೆ ಕನ್ನಡಿಯೂ ಬೇಕು, ಅದಕ್ಕೆ ಇಂಟರ್ನೆಟ್ಟೂ ಬೇಕು. ಅತ್ತೆಯಂತೂ ಗೋಣಿ ಮುಟ್ಟಲು ಬಿಡಲಿಲ್ಲ. "ನನ್ ಮಗ ಅಲ್ಲಿಂದ ನೋಡ್ತಾವ್ನೆ" ಎಂದರು, ಮಗ ಮೋಡದ ಮೇಲೆ ಕೂತಿರುವಂತೆ.

ಸಂಜೆ ಬಂದು ಆ ಮಹಾನುಭಾವರು ಫೋನು ನೋಡಿದರೆ ನಂಬರಿನ ಕೆಳಗೆ ಸಣ್ಣಕ್ಷರದಲ್ಲಿ 'ಸಂಪರ್ಕ ಇಲ್ಲ' ಎಂದಿತ್ತು. ಗೋಣಿಯ ಮಾತೇ ಮರೆತರು. ವೈಫೈ ಪೆಟ್ಟಿಗೆಯನ್ನು ಆಫ್ ಮಾಡಿದರು, ಆನ್ ಮಾಡಿದರು. ಟಿವಿ ಮೇಲಿಂದ ಕಿಟಕಿಗೆ, ಕಿಟಕಿಯಿಂದ ಅಟ್ಟಕ್ಕೆ ಹೊತ್ತು ತಿರುಗಿದರು. ಪಾಸ್‌ವರ್ಡ್ ಬದಲಿಸಿದರು. ಅದರಿಂದ ಟಿವಿಯೂ ನಿಂತುಹೋಯಿತೆಂದು ಮತ್ತೆ ಹಳೆಯದನ್ನೇ ಹಾಕಿದರು.

ಮರುದಿನ ಮುಳಬಾಗಿಲಿನಿಂದ ವೈಫೈಯವನೊಬ್ಬ ಬಂದ. ಹೊರಗಿನವರ ಕಾಲು ಬಿದ್ದರೆ ಹುಳಕ್ಕೆ ರೋಗ. ಒಳಗೆ ಬರಬೇಡವೆಂದು ಅತ್ತೆ ತೆಲುಗಿನಲ್ಲೇ ಗದರಿ ಬಾಗಿಲಿಗೆ ಅಡ್ಡ ನಿಂತರು.

"ಲೋಪಲಿಕಿ ರಾವದ್ದು ನಾಯನಾ! ಅಲ್ಲಿಂದ್ಲೇ ನೋಡು."

ಹಾಗೆಂದು ಬಾಗಿಲ ಗೋಣಿಯನ್ನು ಮೇಲೆತ್ತಿ ಹಿಡಿದರು. ಅವನು ಹೊಸ್ತಿಲಾಚೆಯಿಂದ ಫೋನು ಹಿಡಿದ ಕೈ ಮಾತ್ರ ಒಳಗೆ ಚಾಚಿ, "ಸಿಗ್ನಲ್ ಫುಲ್ ಇದೆ ಅಕ್ಕಾ, ನಿಮ್ ಡಬ್ಬಿನೇ ಸರಿ ಇಲ್ಲ" ಎಂದು ಹೊರಟೇಹೋದ. ಅಷ್ಟಕ್ಕೇ ಅವನಿಗೆ ಮಜ್ಜಿಗೆ ಬೇರೆ.

ನಾನು ಒಳಗೇ ಇದ್ದೆ. ಅತ್ತೆ ಗೋಣಿ ಎತ್ತಿ ಹಿಡಿದಿದ್ದಷ್ಟು ಹೊತ್ತು ಡಬ್ಬಿಯ ಕೆಂಪು ದೀಪ ಹಸಿರಾಗಿತ್ತು. ಕೈಬಿಟ್ಟರು, ಮತ್ತೆ ಕೆಂಪು. ಥೂ, ಇಷ್ಟೇನಾ! ನೀರು ಕುಡಿದ ಆ ದಪ್ಪ ಗೋಣಿ ದಾಟಿ ವೈಫೈ ಒಳಗೆ ಬರುತ್ತಿರಲಿಲ್ಲ. ಡಬ್ಬಿಯ ಬಾಯಿ ಕಟ್ಟಿದ ಮೇಲೆ ಫೋನು ಹಳೇ ಐವತ್ತನ್ನೇ ತೋರಿಸುತ್ತಿತ್ತು. ಐವತ್ತು ಕಂಡಾಗಲೆಲ್ಲ ಇವರು ಗೋಣಿಗೆ ಇನ್ನಷ್ಟು ನೀರು ಹಾಕಿಸುತ್ತಿದ್ದರು. ಅತ್ತೆ ಕೂಗಾಡುತ್ತಿದ್ದರೂ ಎಲ್ಲ ಗೋಣಿಗಳನ್ನೂ ಕಿತ್ತು ಅಂಗಳಕ್ಕೆಸೆದೆ.

ಸ್ವಲ್ಪ ಹೊತ್ತಿಗೆ ಫೋನು ಬಂತು.

"ಲೇ, ಕನೆಕ್ಟ್ ಆಯ್ತು ಕಣೇ! ತೊಂಬತ್ತು ದಾಟಿದೆ! ಬೇಗ ಗೋಣಿ ತೆಗಿ, ಹುಳ ಹೋಗತ್ತೆ!"

"ನಾನು ನಿನ್ನೆಯಿಂದ ಹೇಳಿದ್ದೇನು?"

"ನೀನು ಬರೀ ಬಾಯಲ್ಲಿ ಹೇಳ್ದೆ. ಈಗ ಗ್ಯಾರಂಟಿ ಆಯ್ತಲ್ಲ."

ಎರಡು ದಿನದಲ್ಲಿ ಅರ್ಧ ಹುಳ ಬೆಳ್ಳಗೆ ಸೆಟೆದುಕೊಂಡವು. ಬುಟ್ಟಿಗಟ್ಟಲೆ ಎತ್ತಿ ಗುಂಡಿಗೆ ಸುರಿದೆ. ಮಗುವಿಗೆ ಉಣ್ಣಿಸಿದ ಹಾಗೆ ಸೊಪ್ಪು ಹಾಕಿ ಬೆಳೆಸಿದ ಹುಳ ಅವು. ಇವರೋ ಉಳಿದರ್ಧ ಹುಳವನ್ನು ಡಬ್ಬಿಯೇ ಉಳಿಸಿತೆಂದು ಊರೆಲ್ಲ ಹೇಳಿಕೊಂಡು ಬಂದರು.

ಅವತ್ತು ಊಟಕ್ಕೆ ಕೂತು, ಮುದ್ದೆ ಮುರಿದು ಬಸ್ಸಾರಿಗದ್ದಿ ಬಾಯಿಗಿಟ್ಟುಕೊಂಡವರೇ ಮುಖ ಕಿವುಚಿದರು.

"ಏನೇ ಇದು, ಉಪ್ಪೇ ಇಲ್ವಲ್ಲೇ!"

"ಬರೀ ಬಾಯಲ್ಲಿ ಹೇಳಿದ್ರೆ ಹೇಗೆ?" ಎಂದೆ. "ಫೋನಲ್ಲಿ ನೋಡಿ ಹೇಳಿ."

ಅತ್ತೆ ಉಪ್ಪಿನ ಭರಣಿಗೆ ಕೈಚಾಚಿದರು. ಅದನ್ನೆಳೆದು ನನ್ನ ಪಕ್ಕ ಇಟ್ಟುಕೊಂಡು ನಾನು ಊಟಕ್ಕೆ ಕೂತೆ.